ದೊಡ್ಡಮನೆಯ ದೆವ್ವ

ಕಳೆದ ಮಳೆಗಾಲದ ಒಂದು ರಾತ್ರಿ ಹಾಸ್ಟೆಲಿನ ರೂಮಿನಲ್ಲಿ ನಾವು ಏಳು ಜನ ಒಂದೇ ಮೊಬೈಲಿಗೆ ತಲೆ ತಾಗಿಸಿಕೊಂಡು ಕೂತು ಮಲಯಾಳದ 'ಭ್ರಮಯುಗಂ' ನೋಡಿದೆವು. 2024ರಲ್ಲಿ ಬಂದ ಚಿತ್ರ. ನಿರ್ದೇಶಕ ರಾಹುಲ್ ಸದಾಶಿವನ್, ಮುಖ್ಯ ಪಾತ್ರದಲ್ಲಿ ಮಮ್ಮೂಟ್ಟಿ. ಮೊದಲಿಂದ ಕೊನೇವರೆಗೂ ಕಪ್ಪು ಬಿಳುಪು. ಕತೆ 17ನೇ ಶತಮಾನದ ಕೇರಳದ್ದು. ಹಾಳುಬಿದ್ದ ಒಂದು ದೊಡ್ಡಮನೆ, ಅದರೊಳಗೆ ಒಬ್ಬ ಪೋಟ್ಟಿ, ಒಬ್ಬ ಅಡುಗೆಯವನು, ದಾರಿ ತಪ್ಪಿ ಬಂದ ಒಬ್ಬ ಹಾಡುಗಾರ. ಸಿನಿಮಾ ಅರ್ಧ ಆಗಿತ್ತು. ನಮ್ಮಲ್ಲೊಬ್ಬ, ಹಾಸನದ ಕಡೆಯ ಹುಡುಗ, "ಲೇ, ಈ ದೆವ್ವ ನಮ್ಮೂರ ಪಟೇಲನ ಥರಾನೇ ಮಾತಾಡ್ತದಲ್ಲೋ" ಅಂದ. ಎಲ್ಲರೂ ನಕ್ಕೆವು. ನಕ್ಕಾದ ಮೇಲೆ ಸುಮ್ಮನಾದೆವು. ಯಾಕಂದ್ರೆ ಅವನು ತಮಾಷೆಗೆ ಆಡಿದ್ದು ವಿಮರ್ಶೆಯ ಮಾತಾಗಿತ್ತು.

ಇಂಥ ಚಿತ್ರ ಬಂದಾಗ ಪೇಟೆಯ ವಿಮರ್ಶಕರು ಬೆಳಕಿನ ಬಗ್ಗೆ ಬರೀತಾರೆ, ನೆರಳಿನ ಬಗ್ಗೆ ಬರೀತಾರೆ, ಕ್ಯಾಮೆರಾ ಎಲ್ಲಿಟ್ಟರು ಎಂದು ಬರೀತಾರೆ. ಬರೀಲಿ. ನಮ್ಮ ಪ್ರಶ್ನೆ ಬೇರೆ. ಈ ದೆವ್ವ ಯಾರ ಮನೆಯದು? ಯಾರಿಗೆ ಯಾರ ಭಯ? ದೆವ್ವ ಬಿಟ್ಟು ಹೋದ ಮೇಲೆ ಆ ಮನೆ, ಆ ಗದ್ದೆ ಯಾರ ಹೆಸರಿನಲ್ಲಿ ಉಳೀತದೆ?

ನಮ್ಮ ಕೇರೀಲಿ ದೆವ್ವ ಇಲ್ಲವಾ ಅಂದ್ರೆ, ಉಂಟು. ಬಾವಿಗೆ ಬಿದ್ದ ಬಸುರಿ, ಹಾವು ಕಡಿದು ಸತ್ತ ದನ ಕಾಯೋ ಹುಡುಗ, ಬಾಣಂತಿತನದಲ್ಲಿ ಕಣ್ಣು ಮುಚ್ಚಿದ ಸೊಸೆ. ಇವು ಯಾರದಾದ್ರೂ ಮೈಮೇಲೆ ಬಂದರೆ ಕೇಳೋದು ಏನು? ಒಂದು ಸೀರೆ, ಒಂದು ಕೋಳಿ, ಒಂದು ಹಿಡಿ ಅನ್ನ, "ನನ್ನ ಮಗೀನ ಚೆಂದಾಗಿ ನೋಡ್ಕಳಿ" ಅನ್ನೋ ಒಂದು ಮಾತು. ನಮ್ಮ ದೆವ್ವಕ್ಕೂ ಹಸಿವು. ಹಿರಿಯರ ಹಬ್ಬದಲ್ಲಿ ಎಡೆ ಇಟ್ಟರೆ ಉಂಡು ಹೋಗ್ತವೆ. ನಮ್ಮ ಅಜ್ಜಿ ದೆವ್ವದ ಜೊತೆ ಜಗಳ ಆಡಿದ್ದು ನಮಗೆ ಗೊತ್ತು, ಹೆದರಿದ್ದು ಗೊತ್ತಿಲ್ಲ. ದೊಡ್ಡಮನೆಯ ದೆವ್ವದ ಜಾತಿಯೇ ಬೇರೆ. ಅದು ನಿಧಿ ಕಾಯ್ತದೆ, ಬೀಗ ಹಾಕಿದ ಕೋಣೆ ಕಾಯ್ತದೆ, ವಂಶ ಕಾಯ್ತದೆ. ಕೊಟ್ಟರೆ ತೃಪ್ತಿಯಾಗಿ ಹೋಗುವ ದೆವ್ವ ಬಡವರದು. ಎಷ್ಟು ಕೊಟ್ಟರೂ ಹೋಗದ ದೆವ್ವ ಆಸ್ತಿವಂತರದು.

ಇದು ಕೇರಳದ ಮಾತು ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ಗಾಥಿಕ್ ಅಂತ ಕರೆಯೋ ಕತೆಗಳ ಹುಟ್ಟನ್ನು ಹೊರೇಸ್ ವಾಲ್ಪೋಲನ 1764ರ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಕಾದಂಬರಿಯಿಂದ ಲೆಕ್ಕ ಹಾಕುತ್ತಾರೆ. ಆ ಕತೆಯ ತಿರುಳು ಇಷ್ಟೇ: ಒಬ್ಬ ದೊರೆ ಕೋಟೆಯಲ್ಲಿ ಕೂತಿದ್ದಾನೆ, ಆದರೆ ಆ ಕೋಟೆ ನ್ಯಾಯವಾಗಿ ಅವನದಲ್ಲ. ಅದು ಬಯಲಾಗುವ ತನಕ ಗೋಡೆ ನಡುಗುತ್ತದೆ. ಅಂದರೆ ಮೊದಲ ದಿನದಿಂದಲೂ ಈ ಭಯ ಕಿತ್ತುಕೊಂಡವನ ಭಯ, ಪಹಣಿಯ ಭಯ. ಬ್ರಾಮ್ ಸ್ಟೋಕರನ 'ಡ್ರಾಕುಲಾ' 1897ರಲ್ಲಿ ಬಂತು. ಅವನು ಕೌಂಟ್, ಅಂದರೆ ಜಮೀನ್ದಾರ. ಅವನ ಕೋಟೆಗೆ ಬಂದ ವಕೀಲನಿಗೆ ಒಂದು ದಿನ ಒಂದು ಸಂಗತಿ ಕಾಣುತ್ತದೆ: ಇಷ್ಟು ದೊಡ್ಡ ಮನೆಯಲ್ಲಿ ಆಳುಗಳೇ ಇಲ್ಲ, ಕೌಂಟನೇ ಗುಟ್ಟಾಗಿ ಹಾಸಿಗೆ ಹಾಸುತ್ತಿದ್ದಾನೆ, ಊಟಕ್ಕೆ ಬಡಿಸಿಡುತ್ತಿದ್ದಾನೆ. ವಕೀಲನಿಗೆ ಮೈ ಜುಂ ಅನ್ನುತ್ತದೆ. ಧಣಿ ತನ್ನ ಹಾಸಿಗೆ ತಾನೇ ಹಾಸಿಕೊಂಡದ್ದು ಕಂಡರೆ ಅವರಿಗೆ ಎಂಥ ಭಯ ನೋಡಿ! ನಮ್ಮ ಅವ್ವಂದಿರು ಕೇಳಿದ್ರೆ, ಇದರಲ್ಲಿ ಹೆದರೋದು ಏನೈತೆ ಅಂತಾರೆ. ಬಂಡವಾಳ ಅನ್ನೋದು ಬದುಕಿರುವವರ ದುಡಿಮೆ ಹೀರಿ ಬದುಕುವ ರಕ್ತಪಿಶಾಚಿ ಎಂದು ಮಾರ್ಕ್ಸ್ 1867ರಲ್ಲೇ ಹೋಲಿಸಿದ್ದ. ಡ್ರಾಕುಲಾ ಹುಟ್ಟುವುದಕ್ಕೆ 30 ವರ್ಷ ಮೊದಲು.

ಇನ್ನೊಂದು ಚಿತ್ರ ಇದೆ, ಅದನ್ನು ನಮ್ಮ ಹುಡುಗರು ನೋಡಲೇಬೇಕು. 1932ರ ಅಮೆರಿಕದ 'ವೈಟ್ ಜಾಂಬಿ'. ಜಾಗ ಹೈಟಿ ದ್ವೀಪ. ಸತ್ತವರನ್ನು ಮಂತ್ರದಿಂದ ಎಬ್ಬಿಸಿ ಸಕ್ಕರೆ ಗಾಣದಲ್ಲಿ ದುಡಿಸುವ ಒಬ್ಬ ಯಜಮಾನ. ಒಂದು ದೃಶ್ಯದಲ್ಲಿ ಕಬ್ಬು ಹೊತ್ತ ಒಬ್ಬ ಜಾರಿ ಗಾಣದೊಳಕ್ಕೇ ಬೀಳುತ್ತಾನೆ. ಉಳಿದವರು ತಿರುಗಿಯೂ ನೋಡೋದಿಲ್ಲ, ಗಾಣ ನಿಲ್ಲೋದಿಲ್ಲ. ಈ ಜಾಂಬಿಯ ನಂಬಿಕೆ ಬೆಳೆದದ್ದು ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕದ ಜನರ ನಡುವೆ. ಅವರಿಗೆ ಸಾವು ಭಯ ಅಲ್ಲ, ಸಾವು ಬಿಡುಗಡೆ. ಸತ್ತ ಮೇಲೂ ದುಡೀಬೇಕು ಅನ್ನೋದೇ ಭಯ. ಆ ಜನ 1791ರಲ್ಲಿ ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. ಚಿತ್ರ ತೆಗೆದಾಗ ಅದೇ ಹೈಟಿಯ ಮೇಲೆ ಅಮೆರಿಕದ ಸೈನ್ಯ ಕೂತಿತ್ತು, 1915ರಿಂದ 1934ರವರೆಗೆ. ಚಿತ್ರ ಮರುಕ ಪಡೋದು ಯಾರಿಗೆ? ಗಾಣಕ್ಕೆ ಬಿದ್ದವನಿಗಲ್ಲ. ಹಡಗಿಳಿದು ಬಂದ ಬಿಳಿ ಮದುವಣಗಿತ್ತಿ ಜಾಂಬಿಯಾಗಿಬಿಟ್ಟಳಲ್ಲ ಎಂದು. ಚಿತ್ರದ ಹೆಸರಲ್ಲೇ ಅದು ಉಂಟು. ಗುಲಾಮನ ದುಃಸ್ವಪ್ನವನ್ನು ಕದ್ದು ಯಜಮಾನನ ಮನೆಯ ಹೆಣ್ಣಿನ ಕಷ್ಟ ಮಾಡಿದರು. ನಮ್ಮ ಹಾಡು, ನಮ್ಮ ಕುಣಿತ, ನಮ್ಮ ದೈವ ರಂಗದ ಮೇಲೆ ಹೋಗಿ ಬೇರೆಯವರದ್ದಾಗಿ ಬರೋದು ನಮಗೇನು ಹೊಸದೇ?

ದೆವ್ವದ ಚಿತ್ರಕ್ಕೂ ರಾಜರ ಕಾಲದ ಚಿತ್ರಕ್ಕೂ ಸಂಬಂಧ ಏನು ಎಂದು ಕೇಳಬಹುದು. ಎರಡೂ ಒಂದೇ ಮನೆ. ರಾಜರ ಚಿತ್ರದಲ್ಲಿ ಹಗಲು, ದೆವ್ವದ ಚಿತ್ರದಲ್ಲಿ ರಾತ್ರಿ. 'ರಣಧೀರ ಕಂಠೀರವ' (1960), 'ಇಮ್ಮಡಿ ಪುಲಿಕೇಶಿ' (1967), 'ಶ್ರೀಕೃಷ್ಣದೇವರಾಯ' (1970), 'ಮಯೂರ' (1975) ನಮ್ಮ ಅಪ್ಪಂದಿರು ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ ಚಿತ್ರಗಳು. ರಾಜಕುಮಾರ್ ಕತ್ತಿ ಹಿರಿದಾಗ ನಮ್ಮ ಅಪ್ಪನೂ ಶಿಳ್ಳೆ ಹೊಡೆದವನೇ. ಅದನ್ನು ನಾವು ಅಲ್ಲಗಳೆಯೋದಿಲ್ಲ. ಮೈಯಲ್ಲಿ ಬಲ ಇದ್ದೂ ತಲೆ ತಗ್ಗಿಸಿ ಬದುಕಿದವನಿಗೆ ತಲೆ ಎತ್ತಿದ ಒಬ್ಬ ಮನುಷ್ಯ ಪರದೆಯ ಮೇಲೆ ಬೇಕಾಗಿದ್ದ. ಆದರೆ ಈಗ ಕೂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೀತದೆ. ಅರಮನೆಯ ನೆಲ ಕನ್ನಡಿ ಹಾಗೆ ಹೊಳೀತದೆ, ಅದನ್ನು ಸಾರಿಸಿದವಳು ಎಲ್ಲೂ ಇಲ್ಲ. ಕುದುರೆ ಉಂಟು, ಲದ್ದಿ ಬಾಚಿದವನಿಲ್ಲ. ಕತ್ತಿಯ ಹಿಡಿಗೆ, ಕುದುರೆ ಜೀನಿಗೆ, ನಗಾರಿಗೆ ಚರ್ಮ ಬೇಕು, ಅದನ್ನು ಹದ ಮಾಡಿದವನ ಹಟ್ಟಿಯಿಲ್ಲ. ಯುದ್ಧದಲ್ಲಿ ಸತ್ತ ಸಾವಿರ ಜನರ ಹೆಣ ಯಾರು ಹೊತ್ತರು ಎಂದು ಯಾವ ಕವಿಯೂ ಕೇಳೋದಿಲ್ಲ. ಹಗಲಿನ ಚಿತ್ರದಲ್ಲಿ ಹೀಗೆ ಅಳಿಸಿಹಾಕಿದವರೇ ರಾತ್ರಿಯ ಚಿತ್ರದಲ್ಲಿ ಗೋಡೆಯ ಒಳಗಿಂದ ಕೂಗ್ತಾರೆ. ಇಂಗ್ಲೆಂಡಿನ 'ಡೌನ್‌ಟನ್ ಆಬಿ' (2010ರಿಂದ 2015) ಧಾರಾವಾಹಿಯಲ್ಲಿ ಆಳುಗಳನ್ನು ತೋರಿಸಿದ್ದಾರಲ್ಲ ಎನ್ನುವವರಿದ್ದಾರೆ. ತೋರಿಸಿದ್ದಾರೆ, ನಿಜ. ಕೆಳಗಿನ ಅಡುಗೆಮನೆಯಲ್ಲಿ ನಿಂತವರ ದೊಡ್ಡ ಚಿಂತೆ ಮೇಲಿನ ಧಣಿಗಳ ಮನೆ ಉಳಿದೀತಾ ಅನ್ನೋದು. ಆಳಿಗೆ ತನ್ನ ಮನೆ ಅಂತ ಒಂದು ಉಂಟು ಅನ್ನೋದನ್ನೇ ಮರೆಸುವ ಚಿತ್ರ ಆಳನ್ನು ತೋರಿಸಿದಂತಲ್ಲ.

ನಮ್ಮ ಕನ್ನಡದ 'ಆಪ್ತಮಿತ್ರ' (2004) ಯಾರು ನೋಡಿಲ್ಲ? 1993ರ ಮಲಯಾಳದ 'ಮಣಿಚಿತ್ರತಾಳ್' ಅದರ ಮೂಲ. ರಾಜ ಒಬ್ಬ ನರ್ತಕಿಯನ್ನು ತಂದಿಟ್ಟುಕೊಂಡ. ಅವಳಿಗೆ ಪ್ರೀತಿಸಿದವನೊಬ್ಬ ಇದ್ದ. ರಾಜ ಕೊಲ್ಲಿಸಿದ, ಅವಳು ದೆವ್ವ ಆದಳು. ಮಲಯಾಳದಲ್ಲಿ ಅವಳು ತಂಜಾವೂರಿನ ತಮಿಳಿನವಳು. ಕನ್ನಡದಲ್ಲಿ ಅವಳ ಹಾಡು ತೆಲುಗು. ಪ್ರತಿ ನಾಡೂ ತನ್ನ ದೆವ್ವವನ್ನು ಪಕ್ಕದ ನಾಡಿನಿಂದ ತರಿಸಿಕೊಳ್ಳುತ್ತದೆ! ನಾಗವಲ್ಲಿ ಕೇಳೋದು ನ್ಯಾಯ. ಸಿಗೋದು ಏನು? ಪಾಪ, ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ ಎಂದು ಡಾಕ್ಟರು ಬಂದು, ರಾಜನ ಜಾಗದಲ್ಲಿ ಒಂದು ಗೊಂಬೆ ಇಟ್ಟು, ಅವಳ ಸಿಟ್ಟನ್ನು ಗೊಂಬೆಯ ಮೇಲೆ ತೀರಿಸಿ ಕಳಿಸ್ತಾರೆ. ಸೌಂದರ್ಯ ಆ ಪಾತ್ರದಲ್ಲಿ ಕಣ್ಣಲ್ಲೇ ಬೆಂಕಿ ಹಾಕಿದ್ದಾರೆ, ಅದು ಮರೆಯುವಂಥದ್ದಲ್ಲ. ಆದರೆ ಗಮನಿಸಿ: ರಾಜನ ತಪ್ಪಿಗೆ ಗೊಂಬೆಗೆ ಶಿಕ್ಷೆ, ಅರಮನೆಯ ಹಕ್ಕು ಹಾಗೇ ಭದ್ರ. ನಮ್ಮೂರುಗಳಲ್ಲಿ ಶಾಂತಿಸಭೆ ನಡೆಯೋದೂ ಹೀಗೇ.

ಇಷ್ಟೆಲ್ಲಾ ನೋಡಿದ ಕಣ್ಣಿಗೆ 'ಭ್ರಮಯುಗಂ' ಬೇರೆ ಥರ ಕಾಣುತ್ತದೆ. ಇಲ್ಲಿ ದೊಡ್ಡಮನೆಗೆ ಹೊರಗಿಂದ ಬರುವವನು ವಕೀಲನಲ್ಲ, ಡಾಕ್ಟರಲ್ಲ, ಮದುವಣಗಿತ್ತಿಯಲ್ಲ. ತೇವನ್ ಎಂಬ ಪಾಣ, ಹಾಡುವುದು ಕುಲಕಸುಬಾದ ಕೆಳಜಾತಿಯವನು. ತಪ್ಪಿಸಿಕೊಂಡು ಓಡಿ ಬಂದವನು, ಜೊತೆಗಿದ್ದ ಗೆಳೆಯನನ್ನು ಕಾಡಿನಲ್ಲಿ ಯಕ್ಷಿಗೆ ಕಳಕೊಂಡವನು, ಹೊಟ್ಟೆಗಿಲ್ಲದವನು. ಆ ಮನೆಯ ಭಯವನ್ನು ನಾವು ಅವನ ಕಣ್ಣಿಂದ ನೋಡ್ತೀವಿ. ಪೋಟ್ಟಿ ಅವನನ್ನು ಬೈಯೋದಿಲ್ಲ, ಹೊಡೆಯೋದಿಲ್ಲ. ಒಳಗೆ ಕರೀತಾನೆ, ಅನ್ನ ಹಾಕಿಸ್ತಾನೆ, ಹಾಡು ಅಂತಾನೆ. ತೇವನಿಗೆ ಗಾಬರಿ, ಮೇಲುಜಾತಿಯವನು ಹೊಸ್ತಿಲು ದಾಟಿಸಿದನಲ್ಲ ಎಂದು. ಅವನ ಸೆರೆಮನೆ ಶುರುವಾಗೋದು ಆ ಅನ್ನದಿಂದಲೇ. ಒಳಕ್ಕೆ ಬಿಟ್ಟುಕೊಂಡದ್ದೇ ದೊಡ್ಡ ಉಪಕಾರ ಎಂದು ನಂಬಿದವನು ಹೊರಗೆ ಹೋಗುವ ಬಾಗಿಲು ಎಲ್ಲಿ ಎಂದು ನೋಡೋದಿಲ್ಲ.

ಆಮೇಲೆ ಪಗಡೆ. ಗೆದ್ದರೆ ಹೋಗು, ಸೋತರೆ ಇರು. ಪಣಕ್ಕಿಡಲು ನನ್ನಲ್ಲಿ ಏನೂ ಇಲ್ಲ ಎಂದರೆ, ನಿನ್ನ ಕಾಲ ಇದೆಯಲ್ಲ, ಅದನ್ನಿಡು ಅಂತಾನೆ ಪೋಟ್ಟಿ. ತೇವನ್ ಸೋಲ್ತಾನೆ. ಅಲ್ಲಿಂದ ಅವನಿಗೆ ದಿನದ ಲೆಕ್ಕ ತಪ್ಪುತ್ತದೆ. ಆ ಮನೆಯೊಳಗೆ ಹಗಲೂ ಒಂದೇ, ಇರುಳೂ ಒಂದೇ. ಕೆಲಸ ಮಾತ್ರ ಇದೆ. ಈ ದೃಶ್ಯ ನೋಡಿ ನಮ್ಮ ರೂಮಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ನಮ್ಮ ತಾತ ಮದುವೆಗೆಂದು ತಂದ ಎಪ್ಪತ್ತು ರೂಪಾಯಿಗೆ ಜೀತಕ್ಕಿದ್ದ. ಎಷ್ಟು ವರ್ಷ ಇದ್ದೆ ತಾತ ಎಂದು ಕೇಳಿದರೆ, "ಎರಡು ಜೊತೆ ಎತ್ತು ಮುದಿಯಾದ್ವು ಕಣಪ್ಪ" ಅಂತಿದ್ದ. ವರ್ಷದ ಲೆಕ್ಕ ಧಣಿಯ ಪುಸ್ತಕದಲ್ಲಿತ್ತು, ತಾತನಿಗೆ ಎತ್ತಿನ ಲೆಕ್ಕ ಮಾತ್ರ ಗೊತ್ತಿತ್ತು. ಜೀತ ಅಂದರೆ ಇದೇ. ಸಾಲಕ್ಕೆ ಪಣ ಭೂಮಿಯಲ್ಲ, ಒಡವೆಯಲ್ಲ, ಮನುಷ್ಯನ ಕಾಲ. ದಾಳ ಹಾಕೋನು ಧಣಿ, ಲೆಕ್ಕ ಬರೆಯೋನು ಧಣಿ. 1976ರಲ್ಲಿ ಜೀತ ರದ್ದಿಯ ಕಾನೂನು ಬಂತು. ತಾತ ಎದ್ದು ಮನೆಗೆ ಬಂದ. ಆದರೆ ಸಾಯೋವರೆಗೂ ಕೋಳಿ ಕೂಗೋಕೆ ಮುಂಚೆ ಎದ್ದು ಕೂತು, ಯಾವ ಕೆಲಸಕ್ಕೆ ಹೋಗಬೇಕು ಅಂತ ತಿಳಿಯದೆ ಬಾಗಿಲಲ್ಲಿ ನಿಂತಿರ್ತಿದ್ದ. ದೆವ್ವ ಹಿಡಿಯೋದು ಅಂದರೆ ಇದಲ್ಲದೆ ಇನ್ನೇನು? ಜೀತವನ್ನು ಪಗಡೆಯ ಹಲಗೆಯ ಮೇಲೆ ಇಷ್ಟು ನಿಚ್ಚಳವಾಗಿ ಬಿಡಿಸಿಟ್ಟ ಇನ್ನೊಂದು ಚಿತ್ರ ನಾವು ಕಂಡಿಲ್ಲ.

ಹಾಗಂತ ಚಿತ್ರದ ಮುಂದೆ ನಾವು ಕೈ ಮುಗಿದು ನಿಲ್ಲಲಾರೆವು. ನಮ್ಮ ತಕರಾರು ಮೂರು.

ಮೊದಲನೆಯದು, ಆ ಮನೆಯ ಅನ್ನ ಎಲ್ಲಿಂದ ಬಂತು? ಮಳೆ, ಪಾಚಿ, ಕಂಬ, ಒಲೆ ಎಲ್ಲವೂ ಉಂಟು, ಗದ್ದೆ ಇಲ್ಲ. ಕೇರಳದಲ್ಲಿ ಪುಲಯರನ್ನು, ಪರಯರನ್ನು, ಚೆರುಮರನ್ನು ಭೂಮಿಯ ಜೊತೆಗೇ ಮಾರುತ್ತಿದ್ದರು, ಅಡವಿಡುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು ಕಂಪನಿ ಸರ್ಕಾರದ 1843ರ ಕಾಯ್ದೆ. ತಿರುವಾಂಕೂರಿನ ರಾಜ್ಯ 1855ರಲ್ಲಿ ರದ್ದು ಮಾಡಿತು. ಆ ಮೇಲೂ ಪುಲಯರ ಅಯ್ಯಂಕಾಳಿ 1893ರಲ್ಲಿ ಎತ್ತಿನ ಗಾಡಿ ಕಟ್ಟಿ ಸಾರ್ವಜನಿಕ ರಸ್ತೆಯಲ್ಲಿ ಹೋಗಿದ್ದೇ ಒಂದು ಯುದ್ಧವಾಯಿತು. ಈ ಜನ ಚಿತ್ರದೊಳಗೆ ಬರೋದಿಲ್ಲ. ಹಾಡುವ ಕೆಳಜಾತಿಯವನು ಪರದೆಗೆ ಬರಬಹುದು, ಉಳುವ ಕೆಳಜಾತಿಯವನು ಬೇಲಿಯಾಚೆಗೇ ನಿಂತ. ಹಾಡುಗಾರನ ದುಃಖ ಕಾವ್ಯವಾಗ್ತದೆ, ಉಳುವವನ ದುಃಖ ಪಹಣಿ ಕೇಳ್ತದೆ. ಅದಕ್ಕೇ ಇರಬೇಕು.

ಎರಡನೆಯದು, ಚಿತ್ರದ ಹೊರಗೆ ನಡೆದದ್ದು. ಬಿಡುಗಡೆಗೆ ಮುಂಚೆ ಒಂದು ಹಳೇ ಮನೆತನದವರು, ಪೋಟ್ಟಿಯ ಪಾತ್ರಕ್ಕಿಟ್ಟ ಹೆಸರಿನಿಂದ ತಮ್ಮ ಮರ್ಯಾದೆಗೆ ಕುಂದು ಬರುತ್ತದೆ ಎಂದು ಕೇರಳ ಹೈಕೋರ್ಟಿಗೆ ಹೋದರು. ಚಿತ್ರದವರು ಪಾತ್ರದ ಹೆಸರನ್ನು ಕೊಡುಮೊನ್ ಪೋಟ್ಟಿ ಎಂದು ಬದಲಿಸಿದರು. ಕೋರ್ಟಿಗೆ ಹೋಗೋದು ಅವರ ಹಕ್ಕು, ಬೇಡ ಅನ್ನೋದಿಲ್ಲ. ಆದರೆ ಯೋಚಿಸಿ. 300 ವರ್ಷದ ಹಿಂದಿನ, ಕಟ್ಟುಕತೆಯ ಪೋಟ್ಟಿಗೂ ಮರ್ಯಾದೆ ಕಾಯುವ ವಾರಸುದಾರರು ಇವತ್ತೂ ಇದ್ದಾರೆ. ಪಗಡೆಯಲ್ಲಿ ಕಾಲ ಕಳಕೊಂಡ ಪಾಣನಿಗೆ ಯಾರು ವಾರಸುದಾರರು? ಅವರು ಯಾವ ಕೋರ್ಟಿಗೆ ಹೋಗಿ, ಯಾವ ಹೆಸರು ಬದಲಿಸಿ ಎಂದು ಕೇಳಬೇಕು? ನಮ್ಮಲ್ಲಂತೂ ಬದಲಿಸಬೇಕಾದ ಹೆಸರುಗಳನ್ನು ನಮ್ಮ ಅಪ್ಪ ಅಮ್ಮಂದಿರ ಶಾಲೆಯ ದಾಖಲೆಯಲ್ಲೇ ಬರೆದಿಟ್ಟಿದ್ದಾರೆ.

ಮೂರನೆಯದೇ ದೊಡ್ಡದು. ಕೊನೆಗೆ ಗೊತ್ತಾಗುತ್ತದೆ, ಆ ಪೋಟ್ಟಿ ಪೋಟ್ಟಿಯೇ ಅಲ್ಲ, ಪೋಟ್ಟಿಯ ವೇಷದ ಚಾತ್ತನ್. ಆ ಮನೆಯ ಪೂರ್ವಿಕರು ದೇವಿಯ ವರದಿಂದ ಚಾತ್ತನನ್ನು ಪಡೆದು ಆಳಾಗಿ ದುಡಿಸಿಕೊಂಡಿದ್ದರು. ಹಿಂಸೆ ತಾಳದೆ ಆಳು ತಿರುಗಿಬಿದ್ದ, ಒಡೆಯನ ಮುಖ ಹಾಕಿಕೊಂಡ, ಒಡೆಯನ ಕುರ್ಚಿಯಲ್ಲಿ ಕೂತ. ಈಗ ಅವನೇ ದಾಳ ಹಾಕ್ತಾನೆ. ಅಡುಗೆಯವನೂ ಬೇರೆಯವನಲ್ಲ, ನಿಜವಾದ ಪೋಟ್ಟಿಗೆ ಹುಟ್ಟಿ ಮಗ ಅನ್ನಿಸಿಕೊಳ್ಳದವನು. ತೇವನೂ ಅಡುಗೆಯವನೂ ಸೇರಿ ಎದುರು ನಿಂತು ಗೆದ್ದೆವು ಅನ್ನುವಷ್ಟರಲ್ಲಿ, ಅಧಿಕಾರದ ಉಂಗುರಕ್ಕಾಗಿ ಅವರಲ್ಲೇ ಹೊಡೆದಾಟ. ಕೊನೆಗೆ ತೇವನ ಮುಖ ಉಳೀತದೆ, ಒಳಗಿರೋನು ತೇವನಲ್ಲ. ಹೊರಗೆ ಓಡಿದ ಅಡುಗೆಯವನಿಗೆ ಪೋರ್ಚುಗೀಸರ ಬಂದೂಕು ಕಾದಿತ್ತು.

ಇಲ್ಲಿ ನಮ್ಮ ರೂಮಿನಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷದವರು, ಇದು ಮೋಸ ಅಂದರು. ಎರಡು ಗಂಟೆ ಕಾಲ ಜನಿವಾರದ ಕ್ರೌರ್ಯ ತೋರಿಸಿ, ಕೊನೆಗೆ ಅದು ಜನಿವಾರದವನದಲ್ಲ, ತಿರುಗಿಬಿದ್ದ ಆಳಿನದು ಎಂದುಬಿಟ್ಟರು. ಧಣಿ ಪಾರಾದ, ದಂಗೆ ಎದ್ದವನೇ ದೆವ್ವನಾದ. ಇನ್ನೊಂದು ಪಕ್ಷದವರು, ಅಲ್ಲ, ಚಿತ್ರ ಹೇಳೋದು ಕುರ್ಚಿಯ ಗುಣ ಅಂದರು. ಆ ಉಂಗುರ ಯಾರು ಹಾಕಿಕೊಂಡರೂ ಪೋಟ್ಟಿಯೇ ಆಗ್ತಾರೆ, ನಮ್ಮವರು ಹಾಕಿಕೊಂಡರೂ ಕೂಡ. ಈ ಮಾತಿಗೆ ಉತ್ತರ ಹೇಳೋದು ಕಷ್ಟವಾಯಿತು. ನಮ್ಮ ನಡುವೆಯೇ ಇದ್ದು, ನಮ್ಮ ಹಾಡು ಹಾಡಿ, ನಮ್ಮ ಹೆಗಲ ಮೇಲೆ ಏರಿ, ಇವತ್ತು ಕಾರಿನ ಗಾಜು ಇಳಿಸದೆ ಹೋಗುವ ಮುಖಗಳು ಎಲ್ಲರಿಗೂ ನೆನಪಾದವು. ಮುಖ ನಮ್ಮವನದೇ, ಒಳಗಿರೋನು ಯಾರು? ಸಂಘಟನೆ ಮಾಡುವ ಗೆಳೆಯರು ಈ ಚಿತ್ರ ನೋಡಬೇಕಾದದ್ದು ಇದಕ್ಕಾಗಿ.

ಎರಡೂ ಪಕ್ಷದ ಮಾತು ಕೇಳಿದ ಮೇಲೆ ನಮಗೆ ಹೊಳೆದದ್ದು ಇದು. ಉತ್ತರ ಕೇರಳದಲ್ಲಿ ಕುಟ್ಟಿಚಾತ್ತನ್ ತೆಯ್ಯಂ ಇದೆ. ಅದರ ಜನಪದ ಕತೆಯಲ್ಲೂ ಒಬ್ಬ ನಂಬೂದಿರಿ, ಒಂದು ದೊಡ್ಡಮನೆ, ಮಾತು ಕೇಳದ ಒಬ್ಬ ಚಾತ್ತನ್. ನಂಬೂದಿರಿ ಸಿಟ್ಟಿಗೆದ್ದು ಅವನನ್ನು ತುಂಡು ತುಂಡು ಮಾಡಿ ಬೆಂಕಿಗೆ ಹಾಕುತ್ತಾನೆ. ಆಗ ಆ ಬೆಂಕಿಯಿಂದ ಒಬ್ಬನಲ್ಲ, ಅನೇಕ ಚಾತ್ತನರು ಎದ್ದು ಬರುತ್ತಾರೆ. ಅವರು ಯಾರೂ ನಂಬೂದಿರಿಯ ಮುಖ ಹಾಕಿಕೊಳ್ಳೋದಿಲ್ಲ, ಅವನ ಕುರ್ಚಿಯಲ್ಲಿ ಕೂರೋದಿಲ್ಲ. ತಮ್ಮ ಮುಖದಲ್ಲೇ ಬಂದು ಕಾಡ್ತಾರೆ. ಜನಪದದ ಚಾತ್ತನ್ ಸತ್ತು ಅನೇಕನಾದ. ಸಿನಿಮಾದ ಚಾತ್ತನ್ ಗೆದ್ದು ಒಬ್ಬನೇ ಆದ. ಒಬ್ಬನೇ ಗೆದ್ದರೆ ಒಡೆಯ ಬದಲಾಗ್ತಾನೆ. ಅನೇಕರು ಎದ್ದರೆ ಮಾತ್ರ ಮನೆ ಬದಲಾಗ್ತದೆ. ಜನ ಕಟ್ಟಿದ ಕತೆಗೆ ತಿಳಿದಿದ್ದ ಈ ಸತ್ಯವನ್ನು ಕಲಾವಿದ ಕೈಬಿಟ್ಟದ್ದು ನಮ್ಮ ದೂರು. ಕೈಬಿಟ್ಟು ನಮಗೆ ನಮ್ಮ ರೋಗ ತೋರಿಸಿಕೊಟ್ಟದ್ದು ಅವನ ಉಪಕಾರ. ಎರಡನ್ನೂ ಬರೆದಿಡುತ್ತೇವೆ.

ಕನ್ನಡದಲ್ಲಿ ನಮ್ಮವರು ಪರದೆಗೆ ಬಂದ ಹಳೇ ಕಾಲದ ಚಿತ್ರ ಎಂದರೆ ಎಲ್ಲರೂ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ತೆಗೆದ 'ಚೋಮನ ದುಡಿ'ಯನ್ನೇ (1975) ಹೇಳ್ತಾರೆ. ದೊಡ್ಡ ಚಿತ್ರ, ಸ್ವರ್ಣಕಮಲ ಪಡೆದ ಚಿತ್ರ. ವಾಸುದೇವರಾಯರ ಮುಖ ಮರೆಯಲಾಗದು. ಆದರೆ ಚೋಮ ಬೇಸಾಯದ ಆಸೆಯನ್ನು ಎದೆಯಲ್ಲೇ ಇಟ್ಟುಕೊಂಡು ದುಡಿ ಬಾರಿಸ್ತಾ ಸಾಯ್ತಾನೆ, ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ. ಚೋಮ ದೆವ್ವವಾಗಿ ತಿರುಗಿ ಬಂದು, ನನ್ನ ಗದ್ದೆ ಎಲ್ಲಿ ಎಂದು ಕೇಳುವ ಚಿತ್ರವನ್ನು ಯಾರೂ ತೆಗೆದಿಲ್ಲ. ದೊಡ್ಡಮನೆಯವರಿಗೆ ಸತ್ತ ಮೇಲೂ ಹಕ್ಕಿದೆ. ನಮ್ಮವರು ಸತ್ತರೆ ಸತ್ತಂತೆಯೇ.

ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಮಾತು. ಇಂಥ ಚಿತ್ರಗಳನ್ನು ಮಕ್ಕಳು ಹೇಗೂ ನೋಡ್ತಾರೆ, ಈಗ ಎಲ್ಲರ ಮನೇಲೂ ಮೊಬೈಲಿದೆ. ಬೈಯಬೇಡಿ, ದೆವ್ವ ಸುಳ್ಳು ಎಂದು ಹೇಳಿ ಮುಗಿಸಲೂ ಬೇಡಿ. ಪಾಠ ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿಕೊಂಡು ಕೇಳಿ: ಆ ಅರಮನೆಯ ದೀಪಕ್ಕೆ ಎಣ್ಣೆ ಹಾಕಿದೋರು ಯಾರು? ಆ ನೆಲ ಒರೆಸಿದೋರು ಯಾರು? ಅವರು ರಾತ್ರಿ ಎಲ್ಲಿ ಮಲಗ್ತಿದ್ರು? ಅವರಿಗೆ ಯಾರ ಭಯ ಇತ್ತು? ಮಕ್ಕಳು ಉತ್ತರ ಹೇಳ್ತಾರೆ. ಯಾಕಂದ್ರೆ ಅವರಲ್ಲಿ ಅರ್ಧ ಜನರ ಅವ್ವಂದಿರು ಅದೇ ಹೊತ್ತಿಗೆ ಯಾರದೋ ದೊಡ್ಡಮನೆಯ ನೆಲ ಒರೆಸ್ತಿರ್ತಾರೆ.

ಆ ರಾತ್ರಿ ಚಿತ್ರ ಮುಗಿದಾಗ ಎರಡು ಗಂಟೆ. ಮೊಬೈಲಿನ ಚಾರ್ಜೂ ಮುಗಿದಿತ್ತು. ಕತ್ತಲಲ್ಲಿ ಆ ಹಾಸನದ ಹುಡುಗ ಕೇಳಿದ, "ಅಲ್ಲ ಕಣ್ರೋ, ನಮ್ಮೂರ ದೊಡ್ಮನೆ ಈಗ ಪಾಳು ಬಿದ್ದದೆ. ಅದರ ಹಿತ್ಲಲ್ಲಿ ಹತ್ತು ಗುಂಟೆ ನಮ್ಮ ತಾತಂದು ಅಂತ ಅವ್ವ ಅಂತಾಳೆ. ಕಾಗದ ಹುಡುಕಾನ?" ದೆವ್ವದ ಚಿತ್ರ ನೋಡಿ ನಮಗೆ ನಿದ್ದೆ ಬರಲಿಲ್ಲ ನಿಜ. ಆದರೆ ಹೆದರಿಕೊಂಡಲ್ಲ. ಮಾರನೇ ದಿನ ತಾಲೂಕು ಕಚೇರಿಗೆ ಯಾರ್ಯಾರು ಹೋಗೋದು, ಅರ್ಜಿ ಯಾರು ಬರೆಯೋದು ಎಂದು ಬೆಳಗಾಗುವ ತನಕ ಮಾತಾಡಿದೆವು.